ತಕ್ಕದ್ದಕ್ಕ ಉಳಿಸಿದ ಮೂರು ಕಲಮುಗಳು

ಕಾನೂನು ಇಲಾಖೆಯ ಮೂರನೇ ಮಹಡಿಯಲ್ಲಿ ತಕ್ಕದ್ದಕ್ಕನನ್ನು ಅರಿಯದವರು ಯಾರೂ ಇರಲಿಲ್ಲ. ರಾಜ್ಯದ ಶಾಸನಸಭೆಗೆ ಹೋಗುವ ಪ್ರತಿಯೊಂದು ಮಸೂದೆಯೂ ಅಚ್ಚಾಗುವ ಮುಂಚೆ ಆಕೆಯ ಮೇಜಿನ ಮೇಲೆ ಎರಡು ದಿನ ಮಲಗಿ ಏಳಬೇಕಿತ್ತು. ಆಕೆ ಕರಡು ತಿದ್ದುವವಳು. ಕಾನೂನಿನ ಕನ್ನಡದಲ್ಲಿ ಲೆಕ್ಕಕ್ಕೆ ಬರುವುದು ಎರಡೇ ಮಾತು ಎನ್ನುತ್ತಿದ್ದಳು: ಒಂದು ‘ತಕ್ಕದ್ದು’, ಇನ್ನೊಂದು ‘ಬಹುದು’. ‘ಮಾಡತಕ್ಕದ್ದು’ ಎಂದರೆ ಮಾಡಲೇಬೇಕು, ತಪ್ಪಿದರೆ ಶಿಕ್ಷೆ. ‘ಮಾಡಬಹುದು’ ಎಂದರೆ ನಿಮ್ಮ ಇಷ್ಟ, ನಿಮ್ಮ ಪುರುಸೊತ್ತು, ನಿಮ್ಮ ಮನಸ್ಸಾಕ್ಷಿಯ ಆ ದಿನದ ಆರೋಗ್ಯ. ಇವೆರಡು ಅದಲುಬದಲಾದ ಕಡೆ ಆಕೆಯ ಕೆಂಪು ಪೆನ್ನು ತಾನಾಗಿಯೇ ನಿಲ್ಲುತ್ತಿತ್ತು. ಅದಕ್ಕೇ ಆ ಹೆಸರು. ಇಟ್ಟವನು ನಾನೇ ಎಂದು ಕೆಲವರು ಹೇಳುತ್ತಾರೆ. ನಾನು ಪಕ್ಕದ ಮೇಜಿನ ರವಾನೆ ಗುಮಾಸ್ತ. ನನ್ನ ಮೇಲೆ ಯಾರು ಏನು ಬೇಕಾದರೂ ಹೇಳಬಹುದು.

ಇಪ್ಪತ್ತೆಂಟು ವರ್ಷಗಳಲ್ಲಿ ಆಕೆ ತಿದ್ದಿದ ಕಾನೂನುಗಳನ್ನು ಪೇರಿಸಿದರೆ ನಮ್ಮ ಕೋಣೆಯ ಕಿಟಕಿ ಮುಚ್ಚಿಹೋಗುತ್ತಿತ್ತು. ಕ್ಷೌರದಂಗಡಿ ತೆರೆಯುವವನಿಗೆ ಹದಿನಾಲ್ಕು ಷರತ್ತು, ಅದರಲ್ಲಿ ಮೂರು ಬರೀ ಟವೆಲ್ಲಿಗೆ. ನಾಯಿ ಸಾಕಣೆ ಕೇಂದ್ರದಲ್ಲಿ ಒಂದು ನಾಯಿಗೆ ಕಾಲು ಚಾಚಲು ಇಷ್ಟು ಅಡಿ, ಬಿಸಿಲು ಕಾಯಲು ಇಷ್ಟು ಹೊತ್ತು. ಲಿಫ್ಟಿಗೆ ವರ್ಷಕ್ಕೆ ಎರಡು ತಪಾಸಣೆ. ಆದರೆ ಮನುಷ್ಯನ ಕುಡಿತ ಬಿಡಿಸುವ ಕೇಂದ್ರ ತೆರೆಯಲು ಏನೆಂದರೆ ಏನೂ ಬೇಕಿರಲಿಲ್ಲ. ಒಂದು ಬಾಡಿಗೆ ಮನೆ, ಒಂದು ಬೋರ್ಡು, ಹೊರಗಿನಿಂದ ಹಾಕುವ ಒಂದು ಬೀಗ. ಬೋರ್ಡಿನ ಮೇಲೆ ಏಳುವ ಸೂರ್ಯನೋ ಹಾರುವ ಪಾರಿವಾಳವೋ ಇದ್ದರೆ ಇನ್ನೂ ಒಳ್ಳೆಯದು. ಈ ಸಂಗತಿ ಅಕ್ಕನಿಗೆ ಗೊತ್ತಾದದ್ದು ಕಚೇರಿಯ ಮೇಜಿನ ಮೇಲಲ್ಲ, ಸ್ವಂತ ಮನೆಯಲ್ಲಿ.

ಅಕ್ಕನಿಗೆ ಒಬ್ಬ ತಮ್ಮ. ಲಿಫ್ಟ್ ಮೆಕ್ಯಾನಿಕ್. ತಾಯಿ ತೀರಿಕೊಂಡಾಗ ಅವನಿಗೆ ಹನ್ನೊಂದು ವರ್ಷ, ಅಕ್ಕನಿಗೆ ಇಪ್ಪತ್ತೆರಡು. ಅಲ್ಲಿಂದಾಚೆ ಆಕೆ ಅವನಿಗೆ ಅಕ್ಕನೂ ಹೌದು, ಅಮ್ಮನೂ ಹೌದು, ಕೈಮೀರಿದಾಗ ಪೊಲೀಸೂ ಹೌದು. ಮದುವೆಯ ಮಾತು ಬಂದಾಗಲೆಲ್ಲ “ಇವನದ್ದೊಂದು ದಾರಿ ಆಗಲಿ” ಎನ್ನುತ್ತಿದ್ದಳು. ಅವನ ದಾರಿ ಪ್ರತಿ ಸಂಜೆ ಒಂದೇ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಕೆಲಸದಲ್ಲಿ ಮಾತ್ರ ಅಪ್ಪಟ ಬಂಗಾರ. ನಿಂತ ಲಿಫ್ಟಿನ ಸದ್ದನ್ನು ಬಾಗಿಲಿಗೆ ಕಿವಿಯಿಟ್ಟು ಕೇಳಿ ರೋಗ ಹೇಳುತ್ತಿದ್ದ. ನಲವತ್ತು ದಾಟುವ ಹೊತ್ತಿಗೆ ಬೆಳಗ್ಗೆಯೇ ಒಂದು ಗುಟುಕು ಬೀಳದಿದ್ದರೆ ಅವನ ಕೈಯಲ್ಲಿ ಸ್ಕ್ರೂಡ್ರೈವರ್ ನಿಲ್ಲುತ್ತಿರಲಿಲ್ಲ. ಆಗ ಅಕ್ಕ ಚಿಕಿತ್ಸೆ ಹುಡುಕಲು ಹೊರಟಳು.

ಮೊದಲು ಸಿಕ್ಕಿದ್ದು ಕವಾಯತು ಮೇಷ್ಟ್ರ ಕೇಂದ್ರ. ಮೇಷ್ಟ್ರು ಶಾಲೆಯೊಂದರಲ್ಲಿ ಮಕ್ಕಳಿಗೆ ಕವಾಯತು ಹೇಳಿಕೊಡುತ್ತಿದ್ದು ನಿವೃತ್ತರಾದವರು. ಕುಡಿತವೆಂದರೆ ಶಿಸ್ತಿನ ಕೊರತೆ ಎಂಬುದು ಅವರು ಒಂದೇ ಏಟಿಗೆ ಕಂಡುಕೊಂಡ ಸತ್ಯ. ಬೆಳಗ್ಗೆ ಐದಕ್ಕೆ ತಣ್ಣೀರು, ಆರಕ್ಕೆ ಓಟ, ಏಳಕ್ಕೆ ‘ನಾನು ಮೂರ್ಖ’ ಎಂದು ಇನ್ನೂರು ಸಲ ಬರೆಯುವುದು. ತಮ್ಮನ ಅಕ್ಷರ ಅಲ್ಲಿ ಬಹಳ ಸುಧಾರಿಸಿತು. ಬಿಡುಗಡೆಯಾದ ದಿನ ಬಸ್ ನಿಲ್ದಾಣದಿಂದ ಮನೆಗೆ ಬರುವಷ್ಟರಲ್ಲಿ ಕುಡಿದಿದ್ದ.

ಎರಡನೆಯದು ದೊಡ್ಡವರ ಕೇಂದ್ರ. ಹುಲ್ಲುಹಾಸು, ಸಂಗೀತ, ಒಂದು ಮುದಿ ಕುದುರೆ. ಕುದುರೆಯ ಕಣ್ಣಿನಲ್ಲಿ ಕಣ್ಣಿಟ್ಟು ಅರ್ಧ ಗಂಟೆ ನಿಂತರೆ ಒಳಗಿನ ಗಾಯ ಮಾಯುತ್ತದಂತೆ.

“ಕುದುರೆ ನನ್ನನ್ನ ನೋಡಿ ನಿಟ್ಟುಸಿರು ಬಿಡ್ತಕ್ಕ,” ಎಂದು ತಮ್ಮ ಫೋನಿನಲ್ಲಿ ಹೇಳಿದ. “ಅದಕ್ಕೂ ಇಲ್ಲಿಂದ ಹೋಗಬೇಕು ಅನ್ನಿಸಿರಬೇಕು.”

ಎರಡು ತಿಂಗಳು ಒಂದು ಗುಟುಕೂ ಇಲ್ಲದೆ ಒಣಗಿಕೊಂಡಿದ್ದು ಮತ್ತೆ ಶುರುಮಾಡಿದ. ಈ ಸಲ ಮೊದಲಿಗಿಂತ ಜೋರು.

ಮೂರನೆಯ ಕೇಂದ್ರದ ಬಗ್ಗೆ ಮಾತ್ರ ಅಕ್ಕ ಹಾಸ್ಯ ಮಾಡಿದ್ದನ್ನು ನಾನು ಕೇಳಿಲ್ಲ. ಊರ ಹೊರಗಿನ ಮೂರಂತಸ್ತಿನ ಕಟ್ಟಡ. ಮುಂಬಾಗಿಲಲ್ಲಿ ಬಿಳಿ ಕೋಟಿನ ಒಬ್ಬಾತ ನಗುತ್ತಾ ನಿಂತಿದ್ದ, ಎಲ್ಲರೂ ಅವನನ್ನು ಡಾಕ್ಟ್ರೇ ಎನ್ನುತ್ತಿದ್ದರು. ನಾಲ್ಕು ಪುಟದ ನಮೂನೆಗೆ ಸಹಿ ಹಾಕಿ ಎಂದ. ಅಲ್ಪವಿರಾಮ ತಪ್ಪಿದ್ದರೂ ಮಂತ್ರಿಗಳ ಕಡತವನ್ನು ವಾಪಸ್ ಕಳಿಸುವ ಹೆಂಗಸು, ಆ ನಾಲ್ಕು ಪುಟಗಳನ್ನು ಓದದೆ ಸಹಿ ಹಾಕಿದಳು. ತಮ್ಮ ಪಕ್ಕದಲ್ಲಿ ನಡುಗುತ್ತಾ ಕೂತಿದ್ದ. ಬೇಗ ಒಳಗೆ ಸೇರಿದರೆ ಸಾಕಿತ್ತು. ನಮೂನೆಯ ಕೊನೆಯ ಸಾಲು ಹೀಗಿತ್ತೆಂದು ಆಮೇಲೆ ಓದಿದಳು: ಒಳಗೆ ಏನೇ ಸಂಭವಿಸಿದರೂ ಕೇಂದ್ರ ಹೊಣೆಯಲ್ಲ, ಮೊದಲ ಹದಿನೈದು ದಿನ ಮನೆಯವರು ಭೇಟಿಯಾಗುವಂತಿಲ್ಲ.

ಇಪ್ಪತ್ತು ವರ್ಷ ಕುಡಿದ ದೇಹಕ್ಕೆ ಒಂದೇ ದಿನದಲ್ಲಿ ಎಲ್ಲವನ್ನೂ ನಿಲ್ಲಿಸಿದರು. ಮಾತ್ರೆಯಿಲ್ಲ, ನೋಡುವವರಿಲ್ಲ. ಎರಡನೆಯ ದಿನ ತಮ್ಮನಿಗೆ ಫಿಟ್ಸ್ ಬಂತು. ನಾಟಕವಾಡುತ್ತಿದ್ದಾನೆ ಎಂದು ಮಂಚಕ್ಕೆ ಕಟ್ಟಿದರು. ಕಟ್ಟಿದ ಮೇಲೆ ಇನ್ನೊಮ್ಮೆ ಬಂತು. ಆಗ ಬಲಭುಜ ಗೂಡಿನಿಂದ ಹಿಂದಕ್ಕೆ ಜಾರಿತು. ಅದನ್ನು ಯಾರೂ ಗಮನಿಸಲಿಲ್ಲ. ಹದಿನಾರನೆಯ ದಿನ ಅಕ್ಕ ಹೋದಾಗ ತಮ್ಮ ಎಡಗೈಯಲ್ಲಿ ಲೋಟ ಹಿಡಿದುಕೊಂಡು ಕೂತಿದ್ದ.

“ಬಲಗೈಗೆ ಏನಾಯ್ತೋ?”

“ಮೇಲೆ ಬರಲ್ಲಕ್ಕ. ಮಧ್ಯದಲ್ಲಿ ನಿಂತುಬಿಟ್ಟಿದೆ.”

ಅಕ್ಕ ಕೆಳಗೆ ಬಂದು ಬಿಳಿ ಕೋಟಿನವನ ಹತ್ತಿರ ಕೇಂದ್ರದ ಪರವಾನಗಿ ತೋರಿಸಿ ಎಂದಳು. ಅವನು ಸ್ವಲ್ಪವೂ ಅಳುಕದೆ ಗೋಡೆಯ ಮೇಲಿನ ಚೌಕಟ್ಟು ತೋರಿಸಿದ. ಅದು ಬಟ್ಟೆ ಒಗೆಯುವ ಅಂಗಡಿಯ ಪರವಾನಗಿ. ಹಿಂದಿನ ಬಾಡಿಗೆದಾರ ಬಿಟ್ಟುಹೋದದ್ದು. “ಎರಡೂ ಕೊಳೆ ತೆಗೆಯೋ ಕೆಲಸಾನೇ ಅಲ್ವಾ ಮೇಡಂ,” ಎಂದು ನಕ್ಕನಂತೆ. ಆತ ನಾಯಿ ಡಾಕ್ಟರರ ಹತ್ತಿರ ಎಂಟು ವರ್ಷ ಕಾಂಪೌಂಡರ್ ಆಗಿದ್ದವನು ಎಂಬುದು ಆಮೇಲೆ ತಿಳಿಯಿತು. ನಾಯಿಗಳ ವಿಷಯದಲ್ಲಿ ಅವನ ಮೇಲೆ ಯಾವ ದೂರೂ ಇರಲಿಲ್ಲ.

ಅಲ್ಲಿಂದ ಸೀದಾ ಸರ್ಕಾರಿ ಆಸ್ಪತ್ರೆ. ಅಲ್ಲಿ ವ್ಯಸನದ ವಿಭಾಗ ಎಂದರೆ ಹೊರರೋಗಿಗಳ ಸಾಲಿನ ಕೊನೆಯ ಕೋಣೆ. ಕುರ್ಚಿಗೆ ಮೂರು ಕಾಲು, ನಾಲ್ಕನೆಯದಕ್ಕೆ ಇಟ್ಟಿಗೆ. ಡಾಕ್ಟರಮ್ಮ ಮುಖ ಎತ್ತದೆ ಬರೆಯುತ್ತಿದ್ದರು.

“ಇಷ್ಟು ವರ್ಷ ಕುಡಿದವರಿಗೆ ಥಟ್ಟಂತ ನಿಲ್ಲಿಸಿದ್ರೆ ಸಾಯ್ತಾರಮ್ಮ. ಇವರು ಭುಜದಲ್ಲಿ ಮುಗಿಸಿದಾರೆ, ಪುಣ್ಯವಂತರು.”

“ಹಾಗಾದ್ರೆ ಏನು ಮಾಡಬೇಕಿತ್ತು?”

“ಒಂದು ವಾರ ಮಾತ್ರೆ, ದಿನಾ ಕಮ್ಮಿ ಮಾಡ್ತಾ ಬರೋದು. ಬಿ.ಪಿ. ನೋಡೋಕೆ, ನಾಡಿ ನೋಡೋಕೆ ಒಬ್ಬ ನರ್ಸ್. ಆಮೇಲೆ ತಿಂಗಳುಗಟ್ಟಲೆ ಮಾತಾಡೋದು. ಅಷ್ಟೇ. ಕುದುರೆ ಏನೂ ಬೇಡ.”

ಅಕ್ಕ ಆ ದಿನ ಕಚೇರಿಗೆ ಬಂದು ನನ್ನ ಮೇಜಿನ ಎದುರು ನಿಂತಳು. “ನಾನೇ ಕರ್ಕೊಂಡು ಹೋಗಿ ಬಿಟ್ಟು ಬಂದೆ ಕಣೋ. ಓದ್ದೆ ಸಹಿ ಹಾಕಿದೆ,” ಎಂದಳು. ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಆಕೆ ಕೈ ಅಡ್ಡ ಮಾಡಿ, ಒಂದು ದಸ್ತು ಬಿಳಿ ಹಾಳೆ ತೆಗೆದುಕೊಂಡು ಹೋದಳು.

ಸ್ಕ್ಯಾನು, ಶಸ್ತ್ರಚಿಕಿತ್ಸೆ ಎಲ್ಲ ಆದರೂ ಆ ಕೈ ಭುಜದ ಮಟ್ಟ ದಾಟಲಿಲ್ಲ. ಲಿಫ್ಟಿನ ಕೆಲಸವೆಲ್ಲ ತಲೆಯ ಮೇಲೆಯೇ. ತಮ್ಮನ ಕಂಪನಿ ಅವನನ್ನು ಬಿಡಿಭಾಗಗಳ ಉಗ್ರಾಣದಲ್ಲಿ ಕೂರಿಸಿತು. ಡಾಕ್ಟರಮ್ಮನ ಮಾತ್ರೆ, ವಾರಕ್ಕೊಂದು ಮಾತುಕತೆ ನಡೆಯಿತು. ಇಟ್ಟಿಗೆಯ ಕುರ್ಚಿಯ ಮೇಲೆ ಕೂತೇ ಅವನು ಕುಡಿತ ನಿಲ್ಲಿಸಿದ.

ಅಕ್ಕ ಆರೋಗ್ಯ ಇಲಾಖೆಗೆ ಪತ್ರ ಬರೆದಳು. ಇದು ಆರೋಗ್ಯದ ವಿಷಯವಲ್ಲ, ಸಮಾಜ ಕಲ್ಯಾಣದ್ದು ಎಂದು ಉತ್ತರ ಬಂತು. ಸಮಾಜ ಕಲ್ಯಾಣದವರು ಇದು ವಸತಿಗೃಹಗಳ ವಿಷಯವಾದ್ದರಿಂದ ಪ್ರವಾಸೋದ್ಯಮಕ್ಕೆ ಕಳಿಸಿದ್ದೇವೆ ಎಂದರು. ಪ್ರವಾಸೋದ್ಯಮದವರು ಪತ್ರಕ್ಕೆ ಧನ್ಯವಾದ ಹೇಳಿ, ನಮ್ಮ ರಾಜ್ಯದ ರಮಣೀಯ ತಾಣಗಳ ಒಂದು ಬಣ್ಣದ ಪುಸ್ತಿಕೆ ಲಗತ್ತಿಸಿದರು. ಮೂರು ವರ್ಷ ಹೀಗೇ ನಡೆಯಿತು. ಆಕೆಯ ಪತ್ರಗಳಲ್ಲಿ ಒಂದು ಕಾಗುಣಿತದ ತಪ್ಪೂ ಇರುತ್ತಿರಲಿಲ್ಲ. ಬಂದ ಉತ್ತರಗಳನ್ನು ಆಕೆ ತಿದ್ದಿ ವಾಪಸ್ ಕಳಿಸುತ್ತಿದ್ದಳು.

ಆಮೇಲೆ ಮಂತ್ರಿಯೊಬ್ಬರ ಭಾವಮೈದುನ ಕುದುರೆಯಿದ್ದ ಆ ದೊಡ್ಡವರ ಕೇಂದ್ರದ ಎರಡನೇ ಮಹಡಿಯ ಕಿಟಕಿಯಿಂದ ಹಾರಿದ. ಹೂವಿನ ಪಾತಿಯಲ್ಲಿ ಬಿದ್ದು ಎರಡೂ ಕಾಲು ಮುರಿದುಕೊಂಡ. ಮೂರು ವರ್ಷ ಮಲಗಿದ್ದ ಜನಹಿತ ದಡಬಡಿಸಿ ಎದ್ದು ಕೂತಿತು. ಹನ್ನೊಂದೇ ದಿನದಲ್ಲಿ ಮಸೂದೆಯ ಕರಡು ಸಿದ್ಧವಾಯಿತು: ವ್ಯಸನ ಚಿಕಿತ್ಸಾ ಕೇಂದ್ರಗಳ ಆರೈಕೆಯ ಗುಣಮಟ್ಟ ನಿಗದಿಪಡಿಸುವ ಮಸೂದೆ. ನಿಯಮದ ಪ್ರಕಾರ ಅದು ತಕ್ಕದ್ದಕ್ಕನ ಮೇಜಿಗೆ ಬಂತು.

ಕರಡು ಬರೆದವರು ಹೊಸದಾಗಿ ಬಂದಿದ್ದ ಅಧಿಕಾರಿ. ನಾವು ಅವರನ್ನು ಕರಡು ಸಾಹೇಬ ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ಆದರೆ ಜೀವನದಲ್ಲಿ ಕಂಡ ಅತಿ ದೊಡ್ಡ ವ್ಯಸನವೆಂದರೆ ಅವರ ತಂದೆಯ ನಶ್ಯ. ಅಕ್ಕನಿಗೆ ಕಾನೂನನ್ನು ಬದಲಿಸುವ ಅಧಿಕಾರ ಇರಲಿಲ್ಲ. ಸಂಶಯ ಬಂದ ಕಡೆ ಒಂದು ಚೀಟಿ ಅಂಟಿಸಿ ಪ್ರಶ್ನೆ ಕೇಳಬಹುದಿತ್ತು, ಅಷ್ಟೇ. ಅವತ್ತು ಮಧ್ಯಾಹ್ನದ ಹೊತ್ತಿಗೆ ಕರಡಿನಿಂದ ಚೀಟಿಗಳು ನಾಲಿಗೆ ಚಾಚಿಕೊಂಡು ನಿಂತಿದ್ದವು.

ಕರಡು ಸಾಹೇಬರು ಕಡತ ಹಿಡಿದುಕೊಂಡು ಬಂದರು. “ಇದೇನಮ್ಮ, ‘ಪಶುವೈದ್ಯರೂ ಇದರಲ್ಲಿ ಸೇರುವರೇ?’ ಅಂತ ಬರೆದಿದೀರಿ?”

“ಕೇಂದ್ರದಲ್ಲಿ ವೈದ್ಯರು ಇರತಕ್ಕದ್ದು ಅಂತ ಇದೆ ಸಾರ್. ವೈದ್ಯರು ಅಂದ್ರೆ ಯಾರು ಅಂತ ವ್ಯಾಖ್ಯೆ ಇಲ್ಲ. ದನದ ಡಾಕ್ಟ್ರೂ ವೈದ್ಯರೇ.”

“ಯಾರಾದ್ರೂ ಹಾಗೆ ಅರ್ಥ ಮಾಡ್ಕೋತಾರಾ?”

“ನನ್ನ ತಮ್ಮನನ್ನ ನೋಡಿದವನು ದನದ ಡಾಕ್ಟ್ರೂ ಅಲ್ಲ ಸಾರ್, ನಾಯಿ ಡಾಕ್ಟ್ರ ಕಾಂಪೌಂಡರ್.”

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಮುಂದಿನ ಒಂದು ಗಂಟೆ ಅಕ್ಕ ಹೇಳಿದಳು, ಅವರು ಕೇಳಿದರು. ಅವರ ಟೀ ತಣ್ಣಗಾಯಿತು. ಕರಡಿನಲ್ಲಿ ನೆಲದ ಟೈಲ್ಸಿನ ಬಣ್ಣದ ಬಗ್ಗೆ ಒಂದು ಕಲಮು ಇತ್ತು, ಬೀಗದ ಬಗ್ಗೆ ಇರಲಿಲ್ಲ. ಗ್ರಂಥಾಲಯದಲ್ಲಿ ಎಷ್ಟು ಪುಸ್ತಕವಿರಬೇಕು ಎಂದಿತ್ತು, ಮೊದಲ ದಿನ ಯಾರು ನಾಡಿ ಹಿಡಿಯಬೇಕು ಎಂದಿರಲಿಲ್ಲ. ಸಾಹೇಬರು ಒಂದೊಂದೇ ಬರೆದುಕೊಂಡರು. ಹೋಗುವಾಗ ಬಾಗಿಲ ಹತ್ತಿರ ನಿಂತು, “ಟೈಲ್ಸ್ ನಾನು ಬರೆದದ್ದಲ್ಲ, ಮೇಲಿನಿಂದ ಬಂತು,” ಎಂದರು. ಮೇಲಿನವರ ಷಡ್ಡಕನಿಗೆ ಟೈಲ್ಸ್ ಅಂಗಡಿ ಇತ್ತೆಂದು ಇಡೀ ಮಹಡಿಗೆ ಗೊತ್ತಿತ್ತು.

ಮಸೂದೆ ಪರಿಶೀಲನಾ ಸಮಿತಿಗೆ ಹೋಯಿತು. ಸಮಿತಿ ಸಾರ್ವಜನಿಕರ ಅಹವಾಲು ಕೇಳಿತು. ಅಧ್ಯಕ್ಷರು ಎಂಬತ್ತರ ಹತ್ತಿರದ ಹಿರಿಯ ಸದಸ್ಯರು. ಮಾತು ಉದ್ದವಾದರೆ ಮೇಜಿನ ಗಂಟೆ ಬಾರಿಸುವುದು, ಗಿಡ್ಡವಾದರೆ ನಿದ್ದೆ ಹೋಗುವುದು ಅವರ ಪದ್ಧತಿ. ಕೇಂದ್ರಗಳ ಮಾಲೀಕರ ಸಂಘದ ಪರವಾಗಿ ಕವಾಯತು ಮೇಷ್ಟ್ರೇ ಎದ್ದು ನಿಂತರು. ಕಾಲು ಜೋಡಿಸಿ, ಎದೆ ಉಬ್ಬಿಸಿ ಮಾತಾಡಿದರು.

“ನಾವು ಸೇವೆ ಮಾಡ್ತಿರೋರು. ನಮ್ಮಲ್ಲಿ ರೋಗಿಗಳಿಲ್ಲ ಸ್ವಾಮಿ, ಅತಿಥಿಗಳಿದಾರೆ. ಅತಿಥಿಗೆ ಯಾಕೆ ಡಾಕ್ಟ್ರು? ಪ್ರೀತಿ ಇದೆ, ಶಿಸ್ತಿದೆ. ಇಷ್ಟೆಲ್ಲ ಕಾನೂನು ಮಾಡಿದ್ರೆ ನಾವು ಬಾಗಿಲು ಹಾಕಬೇಕಾಗುತ್ತೆ.”

“ನಿಮ್ಮ ಬಾಗಿಲು ಈಗಾಗಲೇ ಹಾಕಿದೆಯಲ್ಲ, ಹೊರಗಿನಿಂದ,” ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಅಧ್ಯಕ್ಷರು ಗಂಟೆ ಬಾರಿಸಿದರು.

ಅಕ್ಕ ಸರ್ಕಾರಿ ನೌಕರಳು, ಸಮಿತಿಯ ಮುಂದೆ ಬಾಯಿ ಬಿಡುವಂತಿಲ್ಲ. ತಮ್ಮ ಬಂದ. ಇಸ್ತ್ರಿ ಮಾಡಿದ ಅಂಗಿ, ಬಲಗೈ ಮೈಗೆ ಅಂಟಿಕೊಂಡಿತ್ತು. ಆ ಹೊತ್ತಿಗೆ ಅವನು ಕುಡಿತ ಬಿಟ್ಟು ಎರಡು ವರ್ಷ ದಾಟಿತ್ತು. ಮೂರು ಕೇಂದ್ರಗಳ ಕತೆಯನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದ. ಒಬ್ಬ ದಪ್ಪ ಕನ್ನಡಕದ ಸದಸ್ಯರು ಮುಂದಕ್ಕೆ ಬಾಗಿದರು.

“ಮೂರು ಕಡೆ ಇದ್ದು ಬಂದ್ರೂ ನೀವು ಕುಡಿತ ಬಿಡಲಿಲ್ಲ. ತಪ್ಪು ಕೇಂದ್ರದ್ದೋ, ನಿಮ್ಮದೋ?”

“ಕುಡಿದದ್ದು ನನ್ನ ತಪ್ಪು ಸಾರ್. ಕಟ್ಟಿ ಹಾಕಿದ್ದು ಅವರದ್ದು. ಎರಡನ್ನೂ ಒಂದೇ ಫೈಲಿಗೆ ಹಾಕಬೇಡಿ.”

“ಅಂದ್ರೆ?”

“ನಾನು ಲಿಫ್ಟ್ ಮೆಕ್ಯಾನಿಕ್. ಮಧ್ಯದಲ್ಲಿ ಲಿಫ್ಟ್ ನಿಂತು ಒಳಗೆ ಯಾರಾದ್ರೂ ಸಿಕ್ಕಿಹಾಕ್ಕೊಂಡ್ರೆ, ನೀವ್ಯಾಕೆ ಮೆಟ್ಟಿಲು ಹತ್ತಲಿಲ್ಲ ಅಂತ ಕೇಳಲ್ಲ. ಮೊದಲು ಬಾಗಿಲು ತೆಗೀತೀವಿ. ಲಿಫ್ಟಿಗೆ ವರ್ಷಕ್ಕೆ ಎರಡು ಸಲ ತಪಾಸಣೆ ಅಂತ ನೀವೇ ಕಾನೂನು ಮಾಡಿದೀರಿ. ನಿಮ್ಮ ಈ ಕಟ್ಟಡದ ಲಿಫ್ಟಿನಲ್ಲೂ ಸರ್ಟಿಫಿಕೇಟ್ ಇದೆ, ಬರ್ತಾ ನೋಡ್ಕೊಂಡು ಬಂದೆ. ಅವಧಿ ಮುಗಿದು ನಾಲ್ಕು ತಿಂಗಳಾಗಿದೆ. ಹಗ್ಗದ ಸದ್ದೂ ಅಷ್ಟು ಚೆನ್ನಾಗಿಲ್ಲ.”

ಅಧ್ಯಕ್ಷರು ಪೂರ್ತಿ ಎಚ್ಚರವಾದರು. ಅವತ್ತು ಸಭೆ ಮುಗಿದ ಮೇಲೆ ಸಮಿತಿಯ ಹನ್ನೆರಡೂ ಸದಸ್ಯರು ಮೆಟ್ಟಿಲಿಳಿದು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಕೆಲವರು ಎರಡು ಕಡೆ ಕೂತು ಸುಧಾರಿಸಿಕೊಂಡರು. ಮರುದಿನವೇ ಲಿಫ್ಟ್ ರಿಪೇರಿಯಾಯಿತು. ಮಸೂದೆಗೆ ಅಷ್ಟು ಅವಸರವಿರಲಿಲ್ಲ.

ಆರು ವಾರ ಕಳೆದು ಸಮಿತಿ ತಿದ್ದಿದ ಪ್ರತಿ ವಾಪಸ್ ಬಂತು. ನಾನೇ ಲಕೋಟೆ ಒಡೆದು ಅಕ್ಕನ ಮುಂದಿಟ್ಟೆ. ಆಕೆ ಕನ್ನಡಕ ಏರಿಸಿ ಓದುತ್ತಾ ಹೋದಳು. ಮೂರನೆಯ ಪುಟದಲ್ಲಿ ಪೆನ್ನು ನಿಂತಿತು. ನಾಲ್ಕರಲ್ಲಿ ಮತ್ತೆ ನಿಂತಿತು. ಆಮೇಲೆ ಪೆನ್ನು ಕೆಳಗಿಟ್ಟು ಬೆರಳಲ್ಲಿ ಎಣಿಸಿದಳು. ಒಂದು ವಾಕ್ಯವನ್ನೂ ಅವರು ಕಿತ್ತುಹಾಕಿರಲಿಲ್ಲ. ಡಾಕ್ಟರು, ನರ್ಸು, ಬೀಗ, ಫೋನು ಎಲ್ಲವೂ ಇದ್ದಲ್ಲೇ ಇದ್ದವು. ಹದಿನಾಲ್ಕು ಕಡೆ ‘ತಕ್ಕದ್ದು’ ಇದ್ದದ್ದು ‘ಬಹುದು’ ಆಗಿತ್ತು, ಅಷ್ಟೇ. ಮೊದಲ ದಿನ ವೈದ್ಯರು ಪರೀಕ್ಷಿಸಬಹುದು. ರೋಗಿಯನ್ನು ಕಟ್ಟಿಹಾಕದೆ ಇರಬಹುದು. ಟೈಲ್ಸ್ ಮಾತ್ರ ತಿಳಿನೀಲಿ ಬಣ್ಣದ್ದಾಗಿರತಕ್ಕದ್ದು.

“ಚೆನ್ನಾಗಿ ಕೆಲಸ ಮಾಡಿದಾರೆ,” ಎಂದಳು ಅಕ್ಕ. ಆಕೆಯ ದನಿಯಲ್ಲಿ ಒಬ್ಬ ಕಸುಬುದಾರಳು ಇನ್ನೊಬ್ಬನ ಕೈಚಳಕಕ್ಕೆ ತಲೆದೂಗುವ ಮೆಚ್ಚುಗೆ ಇತ್ತು. ಎದ್ದುಹೋಗಿ ಮುಖ ತೊಳೆದುಕೊಂಡು ಬಂದಳು. ಕಣ್ಣು ಕೆಂಪಾಗಿದ್ದವು. ನಾನು ನನ್ನ ಲಕೋಟೆಗಳನ್ನು ನೋಡುತ್ತಾ ಕೂತೆ.

ಆಕೆ ಮಸೂದೆಯನ್ನು ಮತ್ತೆ ಮೊದಲಿನಿಂದ ಓದಿದಳು. ಆ ದಿನ, ಮರುದಿನ. ಎರಡನೆಯ ದಿನ ಊಟದ ಹೊತ್ತಿಗೆ ಕೊನೆಯ ಪುಟದ ಮೇಲೆ ಒಂದು ಚೀಟಿ ಅಂಟಿಸಿ ಕರಡು ಸಾಹೇಬರ ಕೋಣೆಗೆ ಹೊರಟಳು. ನನ್ನನ್ನೂ ಕಡತ ಹೊರಲು ಕರೆದಳು. ಹೊರುವಂಥದ್ದೇನೂ ಇರಲಿಲ್ಲ, ಸಾಕ್ಷಿಗೆ ಕರೆದದ್ದು.

“ಸಾರ್, ಇಪ್ಪತ್ತೆರಡನೇ ಕಲಮು ನೋಡಿ. ಮೇಲಿನ ಕಲಮುಗಳನ್ನ ಉಲ್ಲಂಘಿಸಿದವರಿಗೆ ಶಿಕ್ಷೆ ಅಂತ ಇದೆ. ಸಮಿತಿಯವರು ಇದನ್ನ ಮುಟ್ಟಿಲ್ಲ.”

“ಹೌದು. ಮಂತ್ರಿಗಳಿಗೆ ಶಿಕ್ಷೆ ಬೇಕೇ ಬೇಕಂತೆ. ಭಾವಮೈದುನನ ಹೆಂಡತಿಗೆ ಮಾತು ಕೊಟ್ಟಿದಾರೆ.”

“‘ಬಹುದು’ ಅನ್ನೋದನ್ನ ಯಾರಾದ್ರೂ ಉಲ್ಲಂಘಿಸೋಕಾಗುತ್ತಾ ಸಾರ್? ಮಾಡಬಹುದು ಅಂದಿದ್ದನ್ನ ಮಾಡದಿದ್ರೆ ಅದು ತಪ್ಪೇ ಅಲ್ಲ. ಹೀಗೇ ಬಿಟ್ರೆ ಶಿಕ್ಷೆ ಉಳಿಯೋದು ಟೈಲ್ಸಿಗೆ ಮಾತ್ರ. ಕಿಟಕಿಯಿಂದ ಯಾರು ಹಾರಿದ್ರೂ ಅಡ್ಡಿಯಿಲ್ಲ, ನೆಲ ತಿಳಿನೀಲಿ ಇರಬೇಕು. ಪತ್ರಿಕೆಯವರು ಬಿಡ್ತಾರಾ?”

ಸಾಹೇಬರು ಕಲಮನ್ನು ಎರಡು ಸಲ ಓದಿದರು. ಅವರ ತುಟಿಯ ಕೊನೆ ಮೆಲ್ಲಗೆ ಮೇಲೆದ್ದಿತು. “ಹದಿನಾಲ್ಕನ್ನೂ ವಾಪಸ್ ಹಾಕಿ ಅಂದ್ರೆ ಒಪ್ಪಲ್ಲಮ್ಮ. ಮಾಲೀಕರ ಸಂಘ ದಿನಾ ಬಂದು ಕೂತಿದೆ.”

“ಮೂರು ಕೊಡಿಸಿ ಸಾರ್.”

ಅಧ್ಯಕ್ಷರು ಊಟಕ್ಕೆ ಏಳುವ ಹೊತ್ತನ್ನೇ ಸಾಹೇಬರು ಆರಿಸಿಕೊಂಡರು. ಮಸೂದೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ಸಭೆಯಲ್ಲಿ ನಗೆಪಾಟಲಾಗುತ್ತದೆ ಎಂದು ವಿವರಿಸಿದರು. ಅಧ್ಯಕ್ಷರು ಒಂದು ಕೈ ಕುರ್ಚಿಯ ಮೇಲಿಟ್ಟು ಅರ್ಧ ಎದ್ದವರು, “ಎಷ್ಟು ಪದ ಬದಲಾಗುತ್ತೆ?” ಎಂದರು.

“ಮೂರು ಸಾರ್.”

“ಮೂರೇ ಪದಕ್ಕೆ ಇಷ್ಟು ಹೊತ್ತು ಮಾಡಿದ್ರಾ? ಹಾಕಿ.”

ಆ ಮೂರು ಯಾವುವೆಂದು ಅಕ್ಕ ಮೊದಲೇ ಗುರುತು ಹಾಕಿಟ್ಟಿದ್ದಳು. ಸೇರಿಸಿಕೊಂಡ ದಿನವೇ ಮನುಷ್ಯರ ವೈದ್ಯರೊಬ್ಬರು ಪರೀಕ್ಷಿಸತಕ್ಕದ್ದು. ಮೊದಲ ಹತ್ತು ದಿನ ಹಗಲೂ ಇರುಳೂ ತರಬೇತಾದ ನರ್ಸ್ ಒಬ್ಬರು ಇರತಕ್ಕದ್ದು. ಯಾರನ್ನೂ ಕಟ್ಟಿಹಾಕದೆ, ದಿನಕ್ಕೊಮ್ಮೆ ಮನೆಗೆ ಫೋನ್ ಮಾಡಲು ಬಿಡತಕ್ಕದ್ದು. ಮಿಕ್ಕ ಹನ್ನೊಂದು ‘ಬಹುದು’ಗಳು ಈವತ್ತಿಗೂ ಆ ಕಾನೂನಿನಲ್ಲಿ ಕಾಲು ಚಾಚಿ ಕೂತಿವೆ.

ಸಭೆಯಲ್ಲಿ ಚರ್ಚೆ ಇಪ್ಪತ್ತು ನಿಮಿಷ ನಡೆಯಿತು. ಹದಿನೈದು ನಿಮಿಷ ಸದಸ್ಯರು ಒಬ್ಬರನ್ನೊಬ್ಬರು ಅಭಿನಂದಿಸಿದರು. ಐದು ನಿಮಿಷ ಮೇಜು ಕುಟ್ಟಿದರು. ಮಂತ್ರಿಗಳು ಇದು ತಮ್ಮ ಹೃದಯದಿಂದ ಹೊಮ್ಮಿದ ಕಾನೂನು ಎಂದರು. ಅಕ್ಕ ನಮ್ಮ ಕೋಣೆಯ ರೇಡಿಯೋದಲ್ಲಿ ಕೇಳುತ್ತಾ ಬೇರೊಂದು ಮಸೂದೆಗೆ ಅಲ್ಪವಿರಾಮ ಹಾಕುತ್ತಿದ್ದಳು.

ಜಾರಿಗೆ ಬಂದ ಮೇಲಿನ ಆರು ತಿಂಗಳು ನೋಡುವ ಹಾಗಿತ್ತು. ನಲವತ್ತು ಕೇಂದ್ರಗಳಲ್ಲಿ ಹದಿಮೂರು ರಾತ್ರೋರಾತ್ರಿ ಬೋರ್ಡು ಬದಲಿಸಿ ‘ಮನಶ್ಶಾಂತಿ ವಿಶ್ರಾಂತಿಧಾಮ’ಗಳಾದವು, ವಿಶ್ರಾಂತಿಗೆ ಇನ್ನೂ ಕಾನೂನು ಬಂದಿರಲಿಲ್ಲ. ಕಾಂಪೌಂಡರ್ ತನ್ನ ಕೇಂದ್ರ ಮುಚ್ಚಿ ನಾಯಿಗಳ ಕಡೆಗೆ ಮರಳಿದ. ಅವನ ಮೇಲೆ ತಮ್ಮನ ಮೊಕದ್ದಮೆ ಇನ್ನೂ ನಡೆಯುತ್ತಿದೆ, ನಡೆಯುವುದು ಎಂದು ಕರೆಯಬಹುದಾದರೆ. ತಪಾಸಣೆಗೆ ಬರುವ ಮುಂಚೆ ಏಳು ದಿನದ ಸೂಚನೆ ಕೊಡುವಂತೆ ಸಂಘದವರು ನಿಯಮ ಮಾಡಿಸಿಕೊಂಡಿದ್ದರು. ಕವಾಯತು ಮೇಷ್ಟ್ರ ಕೇಂದ್ರದ ಮೊದಲ ತಪಾಸಣೆಯಲ್ಲಿ ಅವರ ಸೊಸೆಯೇ ಬಿಳಿ ಸೀರೆಯುಟ್ಟು ನರ್ಸಾಗಿ ನಿಂತಿದ್ದಳು. ಥರ್ಮಾಮೀಟರನ್ನು ತಲೆಕೆಳಗಾಗಿ ಹಿಡಿದಿದ್ದಳಂತೆ. ಬಂದ ಅಧಿಕಾರಿಯ ಜೊತೆ ಡಾಕ್ಟರಮ್ಮನೂ ಇದ್ದದ್ದು ಮೇಷ್ಟ್ರ ಗ್ರಹಚಾರ. ಎರಡು ತಿಂಗಳು ಕೇಂದ್ರಕ್ಕೆ ಬೀಗಮುದ್ರೆ ಬಿತ್ತು. ಮತ್ತೆ ತೆರೆದಾಗ ನಿಜವಾದ ನರ್ಸ್ ಇದ್ದಳು.

ಇಲ್ಲಿಗೆ ಕತೆ ಮುಗಿದು ತಮ್ಮ ಸುಖವಾಗಿದ್ದ ಎಂದು ಹೇಳುವ ಆಸೆ ನನಗೂ ಇದೆ. ಕುಡಿತ ಕಾನೂನು ಓದುವುದಿಲ್ಲ. ಕುಡಿತ ಬಿಟ್ಟ ನಾಲ್ಕನೆಯ ವರ್ಷ, ಉಗ್ರಾಣವನ್ನು ಕಂಪನಿ ಬೇರೆ ಊರಿಗೆ ಸಾಗಿಸಿದಾಗ, ತಮ್ಮ ಮತ್ತೆ ಶುರುಮಾಡಿದ. ಮೂರು ತಿಂಗಳು ಅಕ್ಕನಿಗೆ ಮುಖ ತೋರಿಸಲಿಲ್ಲ. ಒಂದು ಬೆಳಗ್ಗೆ ತಾನಾಗಿಯೇ ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಚೀಲ ಹಿಡಿದು ಕೂತಿದ್ದ. ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಹತ್ತಿರದಲ್ಲಿ ಜಾಗವಿದ್ದದ್ದು ಕವಾಯತು ಮೇಷ್ಟ್ರ ಹತ್ತಿರ ಮಾತ್ರ.

ಮೇಷ್ಟ್ರು ಅಕ್ಕನನ್ನು ಕಂಡವರೇ, “ಬನ್ನಿ. ನಿಮ್ಮ ಕಾನೂನಿನಿಂದ ನಮ್ಮ ಶಿಸ್ತೆಲ್ಲ ಹಾಳಾಯ್ತು,” ಎಂದರು. “ಈಗ ಆರು ಗಂಟೆಗೆ ಎಬ್ಬಿಸೋಕೂ ಆ ಹುಡುಗಿಯನ್ನ ಕೇಳಬೇಕು.”

ಆ ಹುಡುಗಿ ಎಂದರೆ ನರ್ಸ್. ಇಪ್ಪತ್ತೈದು ದಾಟಿರಲಿಲ್ಲ. ಮೇಷ್ಟ್ರ ಮಾತನ್ನು ಗಾಳಿಗೆ ಬಿಟ್ಟು ತಮ್ಮನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು, ಎಷ್ಟು ವರ್ಷದಿಂದ, ಕೊನೆಯದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಎಂದು ಕೇಳಿದಳು, ಡಾಕ್ಟರಿಗೆ ಫೋನ್ ಮಾಡಿದಳು. ಡಾಕ್ಟರು ಮಧ್ಯಾಹ್ನ ಬಂದು ಮಾತ್ರೆ ಬರೆದರು. ಮೊದಲ ದಿನ ಕಳೆಯಿತು. ಎರಡನೆಯ ದಿನ ಬೆಳಗ್ಗೆ ತಮ್ಮನ ಕೈ ಜೋರಾಗಿ ನಡುಗಲು ಶುರುವಾಯಿತು, ಮೈಯೆಲ್ಲ ಬೆವರು. ಹುಡುಗಿ ಫೋನಿನಲ್ಲೇ ಡಾಕ್ಟರನ್ನು ಕೇಳಿ ಇನ್ನೊಂದು ಮಾತ್ರೆ ಕೊಟ್ಟು, ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಅರ್ಧ ಗಂಟೆಗೊಮ್ಮೆ ನಾಡಿ ನೋಡಿದಳು. ಸಂಜೆಯ ಹೊತ್ತಿಗೆ ನಡುಕ ಇಳಿಯಿತು. ಏನೂ ಆಗಲಿಲ್ಲ. ಈ ಕತೆಯಲ್ಲಿ ನಡೆದ ಅತಿ ದೊಡ್ಡ ಘಟನೆ ಅದೇ, ಮತ್ತು ಅದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ.

ಅವನು ಫೋನ್ ಮಾಡಿದ ಸಂಜೆ ಅಕ್ಕ ಕಚೇರಿಯಲ್ಲೇ ಇದ್ದಳು. ನನಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ. “ಊಟ ಮಾಡಿದ್ಯಾ... ಸಪ್ಪೆ ಇದ್ರೆ ಇರಲಿ, ತಿನ್ನು... ನಿದ್ದೆ ಬಂತಾ... ಮೇಷ್ಟ್ರು ಕೂಗಾಡಿದ್ರೆ ಕೂಗಾಡಲಿ ಬಿಡು, ಕೂಗೋದಕ್ಕೆ ಕಾನೂನಿಲ್ಲ.” ಫೋನಿಟ್ಟು ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಜೀವ ಇದೆ ಕಣೋ,” ಎಂದಳು, ಮಳೆ ನಿಂತಿದೆ ಎನ್ನುವಷ್ಟೇ ಸಲೀಸಾಗಿ.

ಮೂವತ್ತು ದಿನ ಇದ್ದು ತಮ್ಮ ಹೊರಬಂದ. ಈಗ ಕಂಪನಿಯ ತರಬೇತಿ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು, ಹೊಸಬರು ಲಿಫ್ಟಿನ ಮೋಟರು ಬಿಚ್ಚುವಾಗ ಕಣ್ಣು ಮುಚ್ಚಿ ಸದ್ದು ಕೇಳಿ ಬೈಯುತ್ತಾನೆ. ಸೋಮವಾರ ಸಂಜೆ ಡಾಕ್ಟರಮ್ಮನ ಕೋಣೆಗೆ ಹೋಗುತ್ತಾನೆ. ಕುಡಿಯದೆ ಒಂದು ವರ್ಷ ನಾಲ್ಕು ತಿಂಗಳಾಯಿತು. ಅಕ್ಕ ಹೋದ ವರ್ಷ ನಿವೃತ್ತಳಾದಳು. ಅವಳ ಕುರ್ಚಿಗೆ ಬಂದ ಹೊಸಬ ಕಂಪ್ಯೂಟರಿನಲ್ಲಿ ತಿದ್ದುತ್ತಾನೆ, ಚೀಟಿ ಅಂಟಿಸುವುದಿಲ್ಲ. ತಮ್ಮ ಭಾನುವಾರಗಳಲ್ಲಿ ಅಕ್ಕನ ಮನೆಗೆ ಬರುತ್ತಾನೆ. ಕಳೆದ ಸಲ ನಾನು ಹೋದಾಗ ಇಬ್ಬರೂ ಬಾಲ್ಕನಿಯಲ್ಲಿ ಒಂದು ಹಳೆಯ ಫ್ಯಾನು ಬಿಚ್ಚಿಕೊಂಡು ಕೂತಿದ್ದರು. ಅವನು ಹೇಳುತ್ತಿದ್ದ, ಆಕೆ ಸ್ಕ್ರೂ ತಿರುಗಿಸುತ್ತಿದ್ದಳು.

“ಆ ಕಡೆ ಅಲ್ಲ, ಈ ಕಡೆ,” ಎಂದ ತಮ್ಮ.

“ಯಾವ ಕಡೆ ಅಂತ ಮೊದಲೇ ಸರಿಯಾಗಿ ಹೇಳೋಕೇನು ನಿನಗೆ?” ಎಂದು ಅಕ್ಕ ಗದರಿದಳು. ನನಗೆ ಕುರ್ಚಿ ಇರಲಿಲ್ಲ. ಹೊಸ್ತಿಲ ಮೇಲೇ ಕೂತು ಟೀ ಕುಡಿದು ಬಂದೆ.